ವರ್ಷವಿಡೀ ಸಾಕಿ, ಇಪ್ಪತ್ತು ದಿನ ಬೇಟೆ

ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಗುಡ್ಡಗಾಡಿನಲ್ಲಿ ನಾನು ಎರಡು ನಾಯಿಗಳನ್ನೂ, ಬಿಲದಿಂದ ಮೊಲ ಹೊರಡಿಸುವ ಎರಡು ಫೆರೆಟ್ ಎಂಬ ಪುಟ್ಟ ಪ್ರಾಣಿಗಳನ್ನೂ ಸಾಕಿಕೊಂಡು, ಚಳಿಗಾಲದಲ್ಲಿ ರೈತರ ಹೊಲಗಳಿಗೆ ಹೋಗಿ ಮೊಲ ಹಿಡಿಯುತ್ತೇನೆ ಎಂದು ಗೊತ್ತಾದವರು ಮೊದಲು ಕೇಳುವ ಪ್ರಶ್ನೆ ಒಂದೇ: ಹೆಣ್ಣುಮಗಳಾಗಿ ಕೊಲ್ಲುವುದಕ್ಕೆ ಕೈ ಹೇಗೆ ಬರುತ್ತದೆ? ಊರಿನಿಂದ ಫೋನ್ ಮಾಡುವ ಚಿಗವ್ವಂದಿರು ಕೇಳುವುದೂ ಇದನ್ನೇ, ನಾನು ನರ್ಸ್ ಆಗಿ ಕೆಲಸ ಮಾಡುವ ಆಸ್ಪತ್ರೆಯ ಸಹೋದ್ಯೋಗಿಗಳು ಕೇಳುವುದೂ ಇದನ್ನೇ. ಇದೇ ಕೆಲಸ ಮಾಡುವ ಗಂಡಸರನ್ನು ಯಾರಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಬೇರೆ ಪ್ರಶ್ನೆ ಕೇಳಿದವಳು ಅವ್ವ ಒಬ್ಬಳೇ. ವಿಡಿಯೊ ಕರೆಯಲ್ಲಿ ಫೆರೆಟ್ ತೋರಿಸಿದಾಗ ಅವಳು ಕಣ್ಣು ಕಿರಿದು ಮಾಡಿ ನೋಡಿ, "ಮುಂಗಲಿ ಇದ್ದಂಗ ಐತಲ್ಲವ್ವಾ, ಇದಕ್ಕ ಹೊಟ್ಟಿಗೆ ಏನ್ ಹಾಕ್ತಿ?" ಎಂದಳು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಇರುವುದು ಎಂದು ನನಗೆ ಆಗಲೇ ಅರ್ಥವಾಗಿತ್ತು. ಅವಳಿಗೆ ನೋಡಿದ ಕೂಡಲೇ ಅರ್ಥವಾಯಿತು.

ನನ್ನ ಪಾಲಿಗೆ ಇದು ಶುರುವಾದದ್ದೂ ಹೊಟ್ಟೆಗೆ ಹಾಕುವುದರಿಂದಲೇ. 2016ರ ಜೂನ್‌ನಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಎಪ್ಪತ್ತು ದಾಟಿದ, ಗಂಡನನ್ನು ಕಳೆದುಕೊಂಡು ಒಂಟಿಯಾಗಿದ್ದ ಹೆಂಗಸು. ಅವರು ನನ್ನನ್ನು ಕರೆಸಿದ್ದು ನರ್ಸ್ ಎಂಬ ಕಾರಣಕ್ಕಿರಬೇಕು ಎಂದುಕೊಂಡು ಹೋದರೆ, ಆರು ವಾರ ಹಿತ್ತಲಿನ ಫೆರೆಟ್‌ಗಳಿಗೆ ಊಟ ಹಾಕಿ ಗೂಡು ಸ್ವಚ್ಛ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ಫೆರೆಟ್ ನೋಡಲು ಮುಂಗುಸಿಯಂತಿದ್ದರೂ ಮುಂಗುಸಿಯ ಬಳಗದ್ದಲ್ಲ. ನೀರುನಾಯಿಯ ಕುಲಕ್ಕೆ ಸೇರಿದ, ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಮಾಡಿಕೊಂಡ ಸಾಕುಪ್ರಾಣಿ. ರೋಮನ್ನರ ಕಾಲದ ಬರಹಗಳಲ್ಲೇ ಅದನ್ನು ಮೊಲದ ಬಿಲಕ್ಕೆ ಬಿಡುತ್ತಿದ್ದ ಉಲ್ಲೇಖವಿದೆ. ಗಂಡಿಗೆ ಹಾಬ್, ಹೆಣ್ಣಿಗೆ ಜಿಲ್, ಮರಿಗೆ ಕಿಟ್ ಎಂದು ಹೆಸರು. ಆ ಜೂನ್‌ನಲ್ಲಿ ಗೂಡಿನಲ್ಲಿ ಆಗಷ್ಟೇ ಕಣ್ಣು ಬಿಟ್ಟ ಏಳು ಕಿಟ್‌ಗಳಿದ್ದವು.

ಫೆರೆಟ್‌ಗೆ ಬೇಕಾದದ್ದು ಮಾಂಸ, ಅದೂ ಮೂಳೆ, ಕರುಳು, ತುಪ್ಪಳ ಸಮೇತ. ಹಿಂದಿನ ಕಾಲದಲ್ಲಿ ಬಡವರು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹಾಕುತ್ತಿದ್ದರಂತೆ. ಅದರಿಂದ ಅವುಗಳ ಹೊಟ್ಟೆ ಕೆಟ್ಟು, ಗೂಡು ನಾರಿ, ಫೆರೆಟ್ ಎಂದರೆ ದುರ್ವಾಸನೆ ಎಂಬ ಅಪಖ್ಯಾತಿ ಉಳಿದುಕೊಂಡಿತು ಎಂದು ಅಜ್ಜಿ ಹೇಳುತ್ತಿದ್ದರು. ನಾನು ದಿನವೂ ಮೊಲದ ತುಂಡುಗಳನ್ನೋ, ಕೋಳಿಮರಿ ಕೇಂದ್ರಗಳಿಂದ ಹೆಪ್ಪುಗಟ್ಟಿಸಿ ಬರುವ ಒಂದು ದಿನದ ಹುಂಜದ ಮರಿಗಳನ್ನೋ ಹಾಕುತ್ತಿದ್ದೆ. ತಿಂದು ಮಿಕ್ಕಿದ್ದನ್ನು ಅವು ಮಲಗುವ ಹುಲ್ಲಿನೊಳಗೆ ಎಳೆದೊಯ್ದು ಬಚ್ಚಿಡುತ್ತವೆ; ಬೇಸಿಗೆಯಲ್ಲಿ ಅದನ್ನು ಹುಡುಕಿ ತೆಗೆಯದಿದ್ದರೆ ಮರುದಿನವೇ ನೊಣ ಮುತ್ತುತ್ತದೆ. ಮಲವಿಸರ್ಜನೆಗೆ ಮಾತ್ರ ಒಂದೇ ಮೂಲೆ, ಆ ವಿಷಯದಲ್ಲಿ ಮನುಷ್ಯರಿಗಿಂತ ಶಿಸ್ತು. ಇಲ್ಲಿಯ ಬೇಸಿಗೆ ನಮಗೆ ಬೇಸಿಗೆಯೇ ಅಲ್ಲ, ಆದರೆ ಉಷ್ಣಾಂಶ 30 ಡಿಗ್ರಿ ಮುಟ್ಟುವ ಅಪರೂಪದ ದಿನಗಳಲ್ಲಿ ಬೆವರಲಾರದ ಈ ಪ್ರಾಣಿಗಳು ಸತ್ತೇ ಹೋಗಬಹುದು. ಅಂಥ ದಿನ ಗೂಡಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿಟ್ಟು, ಊಟದ ವಿರಾಮದಲ್ಲಿ ಓಡಿಬಂದು ಮತ್ತೆ ನೀರು ಚಿಮುಕಿಸಿ ಹೋಗುತ್ತಿದ್ದೆ. ಮೊದಲ ವಾರ ಬಲಗೈಯ ಮೂರು ಬೆರಳಿಗೆ ಕಚ್ಚಿಸಿಕೊಂಡೆ. ಹೆದರಿ ಕೈ ಹಿಂದಕ್ಕೆ ಎಳೆದರೆ ಅದು ಆಟವೋ ಬೇಟೆಯೋ ಎಂದುಕೊಂಡು ಮರಿ ಇನ್ನಷ್ಟು ಕಚ್ಚುತ್ತದೆ. ಮೇಲಿನಿಂದ ಸಾವಧಾನವಾಗಿ ಕೈ ತಂದು, ಭುಜದ ಸುತ್ತ ಬೆರಳು ಸೇರಿಸಿ ಎತ್ತಿದರೆ ಸುಮ್ಮನೆ ಜೋತುಬೀಳುತ್ತದೆ. ಆರು ವಾರ ಮುಗಿದಾಗ ಅಜ್ಜಿ ಕೂಲಿಯೆಂದು ಎರಡು ಜಿಲ್‌ಗಳನ್ನು ಕೊಟ್ಟರು. ಬಿಳಿಯದಕ್ಕೆ ಗಂಗೆ, ಕಂದು ಮೈಗೆ ಕಪ್ಪು ಮುಖವಾಡ ಇದ್ದದ್ದಕ್ಕೆ ಗೌರಿ ಎಂದು ಹೆಸರಿಟ್ಟೆ.

ನಾಯಿಯ ವಿಚಾರದಲ್ಲಿ ನನಗೆ ಇಷ್ಟೊಂದು ಕಲಿಯಬೇಕಾಗಿರಲಿಲ್ಲ ಎಂಬ ಹಮ್ಮು ಇತ್ತು. ನನ್ನ ತವರು ಬಾಗಲಕೋಟೆ ಜಿಲ್ಲೆ. ಕುರಿಹಟ್ಟಿಯ ಕಾವಲಿಗೆ ಅಜ್ಜ ಮುಧೋಳ ನಾಯಿ ಸಾಕಿದ್ದ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆಚೀಟಿ ತಂದಾಗ ಮನೆಯವರೆಲ್ಲ ನಮ್ಮ ನಾಯಿಯೇ ಚೀಟಿಗೆ ಏರಿದಂತೆ ಮಾತಾಡಿಕೊಂಡಿದ್ದೆವು. ಅದನ್ನು ಹೊರಗೆ ಕರೆದೊಯ್ದು ಓಡಿಸಿ ಹೆಸರು ತೆಗೆದುಕೊಳ್ಳುತ್ತಿದ್ದವರು ಗಂಡಸರು. ನುಚ್ಚು ಬೇಯಿಸಿ ಹಾಕುತ್ತಿದ್ದವಳೂ, ಕಾಲಿಗೆ ಮುಳ್ಳು ಹೊಕ್ಕರೆ ಎಣ್ಣೆದೀಪದ ಮುಂದೆ ಕೂತು ತೆಗೆಯುತ್ತಿದ್ದವಳೂ ನನ್ನ ಅಜ್ಜಿ. ಇಲ್ಲಿ ಮೊಲದ ಬೇಟೆಗೆ ಒಯ್ಯುವ ಲರ್ಚರ್ ಎಂಬ ನಾಯಿ ಕೂಡ ಅದೇ ಮೈಕಟ್ಟಿನದು. ಅದು ಒಂದು ತಳಿಯಲ್ಲ. ಗ್ರೇಹೌಂಡ್ ಅಥವಾ ವಿಪ್ಪೆಟ್‌ನಂಥ ಕಣ್ಣಿನಿಂದ ಬೇಟೆಯಾಡುವ ಓಟದ ನಾಯಿಗೆ ಕುರಿಕಾಯುವ ಕಾಲಿ ತಳಿಯನ್ನೋ ಟೆರಿಯರ್ ಎಂಬ ಪುಟ್ಟ ಬೇಟೆನಾಯಿಯನ್ನೋ ಬೆರೆಸಿ ಹುಟ್ಟಿಸಿದ ಮಿಶ್ರ ನಾಯಿ. ವೇಗದ ಜೊತೆಗೆ ಬುದ್ಧಿಯೂ ಇರಲಿ ಎಂಬುದು ಲೆಕ್ಕಾಚಾರ. ಆ ಶರತ್ಕಾಲದಲ್ಲಿ ವಿಪ್ಪೆಟ್ ಮತ್ತು ಬೆಡ್ಲಿಂಗ್ಟನ್ ಟೆರಿಯರ್ ಬೆರೆತ ಎಂಟು ವಾರದ ಹೆಣ್ಣುಮರಿಯೊಂದನ್ನು ತಂದು ಕೆಂಚಿ ಎಂದು ಹೆಸರಿಟ್ಟೆ. ನಾಯಿಗಳಿಗೆ ಮೈಕ್ರೊಚಿಪ್ ಹಾಕಿಸುವುದು ಅದೇ ವರ್ಷದ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಕಡ್ಡಾಯವಾಗಿತ್ತು; ಹಾಗಾಗಿ ಕೆಂಚಿ ನಮ್ಮ ಮನೆಗೆ ಬಂದದ್ದು ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತು ಹೊತ್ತುಕೊಂಡೇ.

ನನ್ನ ಹಮ್ಮು ಇಳಿದದ್ದು ಇಲ್ಲಿ. ಊರಿನ ನಮ್ಮ ನಾಯಿಗೆ ಕುರಿಯನ್ನು ಮುಟ್ಟಬಾರದೆಂದು ಯಾರೂ ಕಲಿಸಬೇಕಿರಲಿಲ್ಲ, ಅದು ಕುರಿಗಳ ನಡುವೆಯೇ ಹುಟ್ಟಿತ್ತು. ಕೆಂಚಿಗೆ ಎಲ್ಲವನ್ನೂ ಕಲಿಸಬೇಕಾಯಿತು. ಕುರಿ ಕಂಡರೆ ಮುಖ ತಿರುಗಿಸಬೇಕು, ಏಕೆಂದರೆ ಕುರಿ ಅಟ್ಟಿಸಿದ ನಾಯಿಯ ಮೇಲೆ ಇಲ್ಲಿ 1953ರಷ್ಟು ಹಿಂದಿನ ಕಾಯಿದೆಯಿದೆ, ಬೇರೆ ದಾರಿಯಿಲ್ಲದಾಗ ರೈತ ಅದಕ್ಕೆ ಗುಂಡು ಹಾರಿಸಿದರೂ ಕಾನೂನು ಅವನ ಪರ ನಿಲ್ಲುತ್ತದೆ. ಫೆರೆಟ್ ಬಿಲದಿಂದ ತಲೆ ಹೊರಹಾಕಿದರೆ ಅದು ಮನೆಯವಳು ಎಂದು ಗುರುತಿಸಬೇಕು. ಇದಕ್ಕಾಗಿ ಮೂರು ತಿಂಗಳ ಕಾಲ ಪ್ರತಿ ಸಂಜೆ ಗೂಡಿನ ಮುಂದೆ ಕೆಂಚಿಯನ್ನು ಮಲಗಿಸಿಕೊಂಡು ಕೂರುತ್ತಿದ್ದೆ; ಗೌರಿ ಒಮ್ಮೆ ಅವಳ ಮೂಗಿಗೇ ಕಚ್ಚಿ ಪಾಠದ ಬಹುಭಾಗವನ್ನು ಮುಗಿಸಿಕೊಟ್ಟಳು. ಟೆರಿಯರ್ ಬಂದದ್ದು ಎರಡು ವರ್ಷದ ನಂತರ. ಬಾರ್ಡರ್ ಟೆರಿಯರ್ ತಳಿಯ ಗಿಡ್ಡ ಗಂಡುನಾಯಿ, ಹೆಸರು ಗುಂಡ. ಮುಳ್ಳುಪೊದೆಯೊಳಗೆ ನುಗ್ಗಿ ಮೊಲವನ್ನು ಹೊರಡಿಸುವುದು, ಕೊಟ್ಟಿಗೆಗಳಲ್ಲಿ ಇಲಿ ಹಿಡಿಯುವುದು ಅವನ ಕೆಲಸ. ಅವನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಏನು ಮಾಡಬೇಕೆಂಬುದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್‌ಗೆ ಅವನಿಗೆ ಪ್ರತಿವರ್ಷ ಲಸಿಕೆ, ನನಗೆ ಕೈಗವಸು.

ಫೆರೆಟ್ ಬಿಡುವುದು ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ಗಿಡಗಂಟಿ ಒಣಗಿ ಬಿಲಗಳ ಬಾಯಿ ಕಾಣಬೇಕು, ಬಿಲದಲ್ಲಿ ಮರಿಗಳಿರಬಾರದು. ಆಸ್ಪತ್ರೆಯ ಪಾಳಿ, ಮಳೆ, ಹಿಮ ಎಲ್ಲ ಕಳೆದು ಒಂದು ಚಳಿಗಾಲದಲ್ಲಿ ನನಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ದಿನ. ಮೊದಲ ದಿನ, ನವೆಂಬರಿನ ಒಂದು ಶನಿವಾರ, ಬೀದಿಯ ಕೊನೆಯ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ಕಲ್ಲುಗೋಡೆಯ ಮಗ್ಗುಲಿನ ಬಿಲಗಳನ್ನು ತೋರಿಸಿದರು. ಇಲ್ಲಿ ಹೊಲಗಳ ನಡುವೆ ಗಾರೆಯಿಲ್ಲದೆ ಕಲ್ಲು ಜೋಡಿಸಿದ ಗೋಡೆಗಳಿವೆ. ಮೊಲಗಳು ಅವುಗಳ ಬುಡ ತೋಡುತ್ತವೆ, ಗೋಡೆ ಕುಸಿಯುತ್ತದೆ, ಕುರಿ ಪಕ್ಕದ ಹೊಲಕ್ಕೆ ದಾಟುತ್ತದೆ. ರೈತನಿಗೆ ನಮ್ಮಂಥವರು ಬೇಕಾಗುವುದು ಆಗ. ಅಜ್ಜಿಯ ಮುದಿ ಲರ್ಚರ್ ಒಂದೊಂದೇ ಬಿಲದ ಬಾಯಿ ಮೂಸುತ್ತಾ ಹೋಗಿ ಒಂದರ ಮುಂದೆ ಕಲ್ಲಿನಂತೆ ನಿಂತಿತು: ಒಳಗೆ ಮೊಲವಿದೆ. ಆ ಬಿಲಸಮೂಹದ ಹದಿನಾಲ್ಕು ಬಾಯಿಗಳಿಗೂ ಬಲೆ ಹಾಸಿದೆವು. ಈ ಬಲೆ ನಮ್ಮ ಅಜ್ಜಿಯಂದಿರ ಎಲೆಯಡಿಕೆ ಚಂಚಿಯಂತೆ, ಅಂಚಿಗೆ ದಾರ ಪೋಣಿಸಿದ್ದು; ದಾರದ ತುದಿಯ ಗೂಟವನ್ನು ನೆಲಕ್ಕೆ ಹೊಡೆದು, ಬಲೆಯನ್ನು ಬಾಯಿಯ ಮೇಲೆ ಸಡಿಲವಾಗಿ ಹರಡುತ್ತಾರೆ. ಒಳಗಿನಿಂದ ಮೊಲ ಹಾರಿ ಬಂದು ಬಡಿದರೆ ದಾರ ಬಿಗಿದು ಚಂಚಿಯ ಬಾಯಿ ಮುಚ್ಚಿಕೊಳ್ಳುತ್ತದೆ.

ಬಲೆ ಹಾಸುವಾಗ ಮಾತಿಲ್ಲ, ಕೆಮ್ಮಿಲ್ಲ, ಹೆಜ್ಜೆ ಸಪ್ಪಳವಿಲ್ಲ. ಮೊಲಕ್ಕೆ ಮೇಲೆ ಜನರಿದ್ದಾರೆಂದು ಗೊತ್ತಾದರೆ ಅದು ಫೆರೆಟ್‌ನ ಹಲ್ಲನ್ನಾದರೂ ಸಹಿಸಿಕೊಂಡು ಒಳಗೇ ಉಳಿಯುತ್ತದೆ. ಗಂಗೆಯ ಕುತ್ತಿಗೆಗೆ ಸಂಕೇತ ಕಳಿಸುವ ಪುಟ್ಟ ಕೊರಳಪಟ್ಟಿ ಕಟ್ಟಿ, ಬಲೆಯ ಅಂಚು ಎತ್ತಿ ಒಳಗೆ ಬಿಟ್ಟೆ. ಬಾಲ ಒಮ್ಮೆ ಬಾಟಲಿ ತೊಳೆಯುವ ಬ್ರಶ್ಶಿನಂತೆ ಉಬ್ಬಿತು, ಕತ್ತಲೆಯಲ್ಲಿ ಕರಗಿತು. ಆಮೇಲೆ ಏನೂ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ಮೊಣಕಾಲ ಕೆಳಗಿನ ನೆಲದೊಳಗೆಲ್ಲೋ ದೂರದ ಗುಡುಗಿನಂತೆ ದಡದಡ ಸದ್ದು ಉರುಳಿತು. ಅಜ್ಜಿ ಹುಬ್ಬು ಏರಿಸಿದರು. ನನ್ನ ಮುಂದಿನ ಬಲೆ ಇದ್ದಕ್ಕಿದ್ದಂತೆ ಒಂದು ಚೆಂಡಾಗಿ ಹೊರಳಾಡತೊಡಗಿತು.

ಎಲ್ಲರೂ ಕೇಳುವ ಪ್ರಶ್ನೆಯ ಉತ್ತರ ಇಲ್ಲಿದೆ, ಅದು ನನಗೆ ಹೆಮ್ಮೆ ತರುವಂಥದ್ದಲ್ಲ. ಹಿಂಗಾಲುಗಳನ್ನು ಒಂದು ಕೈಯಲ್ಲಿ, ಕಿವಿಯ ಹಿಂದಿನ ಕುತ್ತಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒಮ್ಮೆಲೇ ಎಳೆದು ತಲೆಯನ್ನು ಹಿಂದಕ್ಕೆ ಮಣಿಸಿದರೆ ಕ್ಷಣದಲ್ಲಿ ಮುಗಿಯುತ್ತದೆ. ಸತ್ತ ಮೊಲದ ಮೇಲೆ ಅಜ್ಜಿ ಅದನ್ನು ಹತ್ತು ಸಲ ಮಾಡಿಸಿದ್ದರು. ಆದರೂ ಜೀವಂತ ಮೊಲ ಕೈಗೆ ಬಂದಾಗ ನಾನು ಅನುಮಾನಿಸಿ ಅರ್ಧ ಎಳೆದೆ, ಅದು ಕಿರುಚಿತು. ಅಜ್ಜಿ ಒಂದು ಮಾತೂ ಆಡದೆ ನನ್ನ ಕೈಯಿಂದ ಕಸಿದುಕೊಂಡು ಮುಗಿಸಿದರು. ಎರಡನೆಯದನ್ನು ನಾನೇ ಸರಿಯಾಗಿ ಮಾಡಿದೆ. ಕನಿಕರದಿಂದ ಕೈ ಹಿಂಜರಿದದ್ದು ಆ ಮೊಲಕ್ಕೆ ನೋವನ್ನಷ್ಟೇ ಕೊಟ್ಟಿತ್ತು. ಗಂಡಸರ ಕೈ ಇಲ್ಲಿ ಹಿಂಜರಿಯುವುದೇ ಇಲ್ಲವೋ, ಅಥವಾ ಅವರು ಹೇಳಿಕೊಳ್ಳುವುದಿಲ್ಲವೋ, ನಾನು ಕೇಳಿದವರು ಯಾರೂ ಬಾಯಿ ಬಿಟ್ಟಿಲ್ಲ.

ಅಂದು ಐದು ಮೊಲ ಸಿಕ್ಕವು, ಗಂಗೆ ಹೊರಗೆ ಬರಲಿಲ್ಲ. ಬಿಲದ ಕುರುಡು ತುದಿಯಲ್ಲಿ ಮೊಲ ಸಿಕ್ಕಿಹಾಕಿಕೊಂಡರೆ ಫೆರೆಟ್ ಅದರ ಬೆನ್ನು ಕೆರೆಯುತ್ತಾ ಅಲ್ಲೇ ಉಳಿದುಬಿಡುತ್ತದೆ, ಅಥವಾ ಕೊಂದು ತಿಂದು ಬೆಚ್ಚಗೆ ಮಲಗುತ್ತದೆ. ಕೈಯಲ್ಲಿ ಹಿಡಿಯುವ ಗ್ರಾಹಕಯಂತ್ರವನ್ನು ಹುಲ್ಲಿನ ಮೇಲೆ ಆಡಿಸುತ್ತಾ, ಬೀಪ್ ಸದ್ದು ಜೋರಾದಲ್ಲಿ ಗುರುತು ಮಾಡಿ ಅಗೆಯಲು ಶುರುಮಾಡಿದೆ. ಗುದ್ದಲಿಯಲ್ಲ, ಉದ್ದ ಕಿರಿದಾದ ಅಲಗಿನ ಸಲಿಕೆ; ನನ್ನ ಎದೆಮಟ್ಟಕ್ಕೆ ಬರುವ ಅದರ ಹಿಡಿಯನ್ನು ಆರಡಿ ಎತ್ತರದವರಿಗಾಗಿ ಮಾಡಿದ್ದಾರೆ. ಕೊನೆಯ ಒಂದಡಿಯನ್ನು ಕೈಯಲ್ಲೇ ತೆಗೆಯಬೇಕು, ಸಲಿಕೆ ಒಳಹೊಕ್ಕರೆ ಅಲ್ಲಿರುವುದು ನಮ್ಮ ಪ್ರಾಣಿಯೇ. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ನವೆಂಬರಿನಲ್ಲಿ, ತಲೆದೀಪದ ಬೆಳಕಿನಲ್ಲಿ, ತೋಳು ಭುಜದವರೆಗೆ ಮಣ್ಣಿನಲ್ಲಿ ಹೂತು ಬೋರಲು ಮಲಗಿದ್ದಾಗ ಬೆರಳತುದಿಗೆ ಮೊದಲು ತುಪ್ಪಳ, ಆಮೇಲೆ ತಣ್ಣನೆಯ ಒಂದು ಮೂಗು ತಗುಲಿತು. ಗಂಗೆ ನನ್ನ ತೋಳಿನ ಮೇಲೆಯೇ ಹತ್ತಿಕೊಂಡು ಅಂಗಿಯ ಕಾಲರಿನೊಳಗೆ ಬಂದಳು. ಆಮೇಲೆ ಆ ಗುಂಡಿಗೆ ಚಪ್ಪಟೆ ಕಲ್ಲು ಹೊದಿಸಿ, ಮಣ್ಣು ತುಂಬಿ, ಹುಲ್ಲಿನ ಹೆಂಟೆ ಕೂರಿಸಿ ತುಳಿದು ಹೋಗಬೇಕು. ದನದ ಕಾಲು ಸಿಕ್ಕಿ ಮುರಿದರೆ ಮುಂದಿನ ಸಲ ಆ ಹೊಲದ ಗೇಟು ನಮಗೆ ತೆರೆಯುವುದಿಲ್ಲ.

ಗೇಟು ತೆರೆಸುವುದೇ ಈ ಕೆಲಸದ ನಿಜವಾದ ಕಷ್ಟ. ಅಜ್ಜಿ ಗುಡ್ಡ ಹತ್ತುವುದನ್ನು ಬಿಟ್ಟ ಮೇಲೆ ನಾನೇ ಅನುಮತಿ ಕೇಳಬೇಕಾಯಿತು. ನಾಲ್ಕು ತೋಟದಮನೆಗಳಲ್ಲಿ ಗಂಡಸರು ನನ್ನನ್ನು ಬಿಟ್ಟು ಕಾರಿನಲ್ಲಿ ಕೂತಿದ್ದ ನನ್ನ ಗಂಡನ ಕಡೆ ನೋಡಿ ಉತ್ತರಿಸಿದರು. ಇವರಿಗೋ ಫೆರೆಟ್ ಯಾವ ಕಡೆಯಿಂದ ಎತ್ತಬೇಕೆಂದೂ ತಿಳಿಯದು. ಐದನೆಯ ಮನೆಯಲ್ಲಿ ಬಾಗಿಲು ತೆರೆದವರು ಮನೆಯೊಡತಿ. ಬೂಟು ಬಿಚ್ಚಿಸಿ ಅಡುಗೆಮನೆಯಲ್ಲಿ ಕೂರಿಸಿ, ನಾಯಿ ಕುರಿಯ ಮುಂದೆ ಹೇಗಿರುತ್ತದೆ, ಅಗೆದ ಗುಂಡಿ ಹೇಗೆ ಮುಚ್ಚುತ್ತೀರಿ, ಮೊಲಗಳನ್ನು ಏನು ಮಾಡುತ್ತೀರಿ ಎಂದು ಮೂರೇ ಪ್ರಶ್ನೆ ಕೇಳಿ ಕಾಗದಕ್ಕೆ ಸಹಿ ಹಾಕಿದರು. ಈಗ ನನಗಿರುವ ಆರು ಅನುಮತಿಗಳಲ್ಲಿ ನಾಲ್ಕು ಅಡುಗೆಮನೆಯಲ್ಲೇ ಸಿಕ್ಕವು.

ಆ ಕಾಗದ ಸದಾ ಜೇಬಿನಲ್ಲಿರಬೇಕು. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೇಳಿಬಿಡುತ್ತೇವೆ, ಆದರೆ ಇಲ್ಲಿ ಅವು ಎರಡು ಪ್ರಾಣಿ, ಎರಡು ಕಾನೂನು. ಬಿಲ ತೋಡಿ ಬಳಗಕಟ್ಟಿ ಬಾಳುವುದು ರ‍್ಯಾಬಿಟ್, ನಾರ್ಮನ್ನರು ಈ ದ್ವೀಪಕ್ಕೆ ತಂದು ಸಾಕಿದ್ದು, ಈಗ ಪೈರಿನ ಪಿಡುಗು. ಬಯಲಲ್ಲೇ ಮಲಗುವ, ಉದ್ದ ಕಾಲಿನ ಒಂಟಿಪ್ರಾಣಿ ಹೇರ್, ನಮ್ಮ ಸೀಮೆಯ ಕಾಡುಮೊಲದ ಹತ್ತಿರದ ನೆಂಟ. 2004ರ ಬೇಟೆ ಕಾಯಿದೆ ನಾಯಿಗಳಿಂದ ಕಾಡುಪ್ರಾಣಿಗಳನ್ನು ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಷೇಧಿಸಿತು. ಜಮೀನಿನವರ ಒಪ್ಪಿಗೆಯಿದ್ದರೆ ರ‍್ಯಾಬಿಟ್‌ಗೂ ಇಲಿಗೂ ವಿನಾಯಿತಿಯಿದೆ, ಹೇರ್ ಅಟ್ಟಿಸುವುದು ಅಪರಾಧ, 2022ರಲ್ಲಿ ಅದರ ಶಿಕ್ಷೆ ಇನ್ನಷ್ಟು ಬಿಗಿಯಾಯಿತು. ಜೂಜಿಗಾಗಿ ರಾತ್ರಿ ಹೊಲಕ್ಕೆ ನುಗ್ಗಿ ಹೇರ್ ಓಡಿಸುವವರ ಬಳಿಯೂ ಇರುವುದು ಲರ್ಚರ್‌ಗಳೇ ಆದ್ದರಿಂದ ಕೆಂಚಿಯನ್ನು ಕಂಡ ಕೂಡಲೇ ಜನರ ಹುಬ್ಬು ಗಂಟಾಗುತ್ತದೆ. ಒಂದು ಮುಂಜಾನೆ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಬಲೆ ಇಳಿಸುತ್ತಿದ್ದಾಗ ಪೊಲೀಸರು ಬಂದು, ನಾಯಿ ಯಾರದ್ದು ಎಂದು ಮೂರು ಸಲ ಕೇಳಿದರು. ನನ್ನದು ಎಂದು ಮೂರು ಸಲವೂ ಹೇಳಿದೆ. ಕೊನೆಗೆ ಅನುಮತಿ ಪತ್ರದಲ್ಲಿದ್ದ ನಂಬರಿಗೆ ಅವರು ಫೋನ್ ಮಾಡಿದಾಗ, ಆ ಮನೆಯೊಡತಿ ನಿದ್ದೆಗಣ್ಣಿನಲ್ಲಿ ಏನಂದರೋ ಗೊತ್ತಿಲ್ಲ, ಪೊಲೀಸರು ಕ್ಷಮೆ ಕೇಳಿ ಹೋದರು.

ಹಿಡಿದದ್ದರಲ್ಲಿ ಒಂದಿಷ್ಟು ಅನುಮತಿ ಕೊಟ್ಟವರಿಗೆ, ಒಂದಿಷ್ಟು ಪ್ರಾಣಿಗಳಿಗೆ, ಉಳಿದದ್ದು ನಮ್ಮ ಅಡುಗೆಗೆ. ಕಣ್ಣು ಊದಿಕೊಂಡ ಮೊಲ ಸಿಕ್ಕರೆ ಅದನ್ನು ಮುಟ್ಟುವುದಿಲ್ಲವೆಂದಲ್ಲ, ಮೊದಲು ಅದನ್ನೇ ಮುಗಿಸುತ್ತೇವೆ, ಆದರೆ ಮನೆಗೆ ತರುವುದಿಲ್ಲ: ಅದು ಮಿಕ್ಸೊಮಟೋಸಿಸ್, 1953ರಲ್ಲಿ ಇಲ್ಲಿಗೆ ಬಂದು ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಮೊಲಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿದ ರೋಗ. ಕೊಬ್ಬಿಲ್ಲದ ಈ ಮಾಂಸವನ್ನು ಒಣಮೆಣಸಿನಕಾಯಿ, ಗುರೆಳ್ಳು ಪುಡಿ ಹಾಕಿ ಸಣ್ಣ ಉರಿಯಲ್ಲಿ ಎರಡು ತಾಸು ಬೇಯಿಸಿದರೆ ಜೋಳದ ರೊಟ್ಟಿಗೆ ಹೊಂದಿಕೊಳ್ಳುತ್ತದೆ. ಊರಿನಲ್ಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕಾಡುಮೊಲ ಹಿಡಿಯುವುದೇ ಅಪರಾಧ, ಆದ್ದರಿಂದ ಈ ರುಚಿಯ ವಿಚಾರವನ್ನು ಅಲ್ಲಿಯವರ ಮುಂದೆ ಜಾಗ್ರತೆಯಾಗಿ ಎತ್ತುತ್ತೇನೆ.

ನನ್ನ ಕೈಯಿಂದ ಸತ್ತ ಮೊಲಗಳ ಲೆಕ್ಕ ಇಟ್ಟಿಲ್ಲ. ಲೆಕ್ಕದಲ್ಲಿರುವುದು ಗೌರಿ. ಹಗಲು ಉದ್ದವಾಗುತ್ತಿದ್ದಂತೆ ಮಾರ್ಚ್‌ನಲ್ಲಿ ಜಿಲ್‌ಗಳು ಬೆದೆಗೆ ಬರುತ್ತವೆ. ನಾಯಿಯಂತೆ ಮೂರು ವಾರದಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿಯುವುದಿಲ್ಲ. ಗಂಡು ಕೂಡಿದರಷ್ಟೇ ಅಂಡ ಬಿಡುಗಡೆಯಾಗುವ ಪ್ರಾಣಿ ಅದು. ಕೂಡದಿದ್ದರೆ ಬೆದೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ, ಏರಿದ ಈಸ್ಟ್ರೊಜೆನ್ ಹಾರ್ಮೋನು ಮೂಳೆಯ ಮಜ್ಜೆಯನ್ನು ಹಾಳುಮಾಡುತ್ತದೆ, ರಕ್ತ ಹುಟ್ಟುವುದು ನಿಲ್ಲುತ್ತದೆ. ಅಕ್ಟೋಬರಿನಲ್ಲಿ ಅಜ್ಜಿ ಒಮ್ಮೆ ಹೇಳಿದ್ದರು, ನಾನು ತಲೆಯಾಡಿಸಿ ಮರೆತಿದ್ದೆ. 2017ರ ಆ ವಸಂತದಲ್ಲಿ ಅವರು ಮಗಳ ಊರಿಗೆ ಹೋಗಿದ್ದರು. ಮೇ ತಿಂಗಳಲ್ಲಿ ಗೌರಿ ಊಟ ಬಿಟ್ಟಳು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದಂತೆ. ಮನುಷ್ಯರಲ್ಲಿ ಆ ಬಣ್ಣ ಕಂಡಿದ್ದರೆ ನಾನು ವಾರ್ಡಿನಲ್ಲಿ ಓಡುತ್ತಿದ್ದೆ. ಮೊದಲು ಫೋನ್ ಮಾಡಿದ ಪಶುವೈದ್ಯಾಲಯದವರು ತಾವು ಫೆರೆಟ್ ನೋಡುವುದಿಲ್ಲ ಎಂದರು, ಎರಡನೆಯವರು ಹಾರ್ಮೋನಿನ ಚುಚ್ಚುಮದ್ದು ಗಂಗೆಗೆ ಕೊಟ್ಟರು, ಗೌರಿಯನ್ನು ಮುಟ್ಟಿ ನೋಡಿ ತಲೆಯಲ್ಲಾಡಿಸಿದರು. ಅವಳು ಮೂರನೆಯ ದಿನ ಸತ್ತಳು.

ಗಂಗೆಯೂ ಈಗಿಲ್ಲ. ಈಗ ಗೂಡಿನಲ್ಲಿರುವುದು ಭಾಗಿ ಮತ್ತು ತುಂಗೆ. ಮಾರ್ಚ್ ಮೊದಲ ಭಾನುವಾರ ಬಲೆಗಳನ್ನು ತೊಳೆದು, ಗೂಟಗಳ ಮಣ್ಣು ಕೆರೆದು, ಹಗ್ಗ ಬಿಡಿಸಿ ಅಟ್ಟಕ್ಕೆ ಏರಿಸುತ್ತೇನೆ. ಅಂದೇ ಸಂಜೆ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ತೊಡೆಯ ಮೇಲೆ ಬೆನ್ನಡಿ ಮಾಡಿ ಮಲಗಿಸಿ ಬಾಲದ ಕೆಳಗೆ ನೋಡುತ್ತೇನೆ, ಊದಿಕೊಂಡಿದ್ದರೆ ಅಜ್ಜಿಯ ಹಿತ್ತಲಿಗೆ ಹೋಗಿ ವ್ಯಾಸೆಕ್ಟಮಿ ಆದ ಅವರ ಮುದಿ ಹಾಬ್‌ನನ್ನು ಮರದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುತ್ತೇನೆ. ಮರಿಯಾಗುವುದಿಲ್ಲ, ಬೆದೆ ಇಳಿಯುತ್ತದೆ. ಅವನು ಕಾರಿನ ಮುಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಪೆಟ್ಟಿಗೆ ಕೆರೆಯುತ್ತಾನೆ, ಹಿಂದೆ ಕೂತ ಕೆಂಚಿ ಕಿಟಕಿಯ ಕಡೆ ಮುಖ ಮಾಡಿ ಏನೂ ಕೇಳಿಸದವಳಂತೆ ಇರುತ್ತಾಳೆ. ಅವನನ್ನು ಗೂಡಿಗೆ ಬಿಡುವ ಮುಂಚೆ ಇನ್ನೊಂದು ಸಲ ಇಬ್ಬರ ತುಟಿಯನ್ನೂ ಹೆಬ್ಬೆರಳಿನಿಂದ ಎತ್ತಿ, ಟಾರ್ಚು ಹಿಡಿದು ಒಸಡಿನ ಬಣ್ಣ ನೋಡುತ್ತೇನೆ.